ಯಾವ ನಿನ್ನೆಗೆ ಹೋಲಿಸಬೇಕು?

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾಯಚೂರು, ಕಲಬುರಗಿ ಕಡೆಯಿಂದ ಬಂದು ಕಲ್ಯಾಣದಲ್ಲಿ (ಬಸವಣ್ಣನವರ ಕಲ್ಯಾಣವಲ್ಲ, ಮಧ್ಯ ರೈಲ್ವೆಯ ಕಲ್ಯಾಣ ಜಂಕ್ಷನ್) ಇಳಿಯುವವರಲ್ಲಿ ಕೆಲವರನ್ನು ನೋಡಿದ ಕೂಡಲೇ ಗುರುತಿಸಬಹುದು. ಬಟ್ಟೆಯ ಬ್ಯಾಗಿನ ಜೊತೆಗೆ ಅಗಲವಾದ ಪ್ಲಾಸ್ಟಿಕ್ ಕವರೊಂದು ಇರುತ್ತದೆ. ಅದರೊಳಗೆ ಸ್ಕ್ಯಾನ್ ಫಿಲ್ಮುಗಳು. ಪರೇಲಿನ ಟಾಟಾ ಆಸ್ಪತ್ರೆಗೋ, ಖಾರ್ಘರಿನಲ್ಲಿರುವ ಅದೇ ಸಂಸ್ಥೆಯ ಆಕ್ಟ್ರೆಕ್‌ಗೋ ಹೊರಟವರು. ಇಂಥ ನೆಂಟರನ್ನು ಒಂದೆರಡು ರಾತ್ರಿಯಾದರೂ ಉಳಿಸಿಕೊಳ್ಳದ ಕನ್ನಡದ ಮನೆ ಡೊಂಬಿವಲಿಯಲ್ಲಿ ಕಡಿಮೆ. ಅವರಿಗೆ ಆಸ್ಪತ್ರೆಯಲ್ಲಿ ಎದುರಾಗುವ ಮೊದಲ ಪ್ರಶ್ನೆಗಳಲ್ಲೊಂದು: 'ಪುರಾನಾ ಸ್ಕ್ಯಾನ್ ಹೈ ಕ್ಯಾ?'

ಈ ಪ್ರಶ್ನೆಯನ್ನು ಈಗ ಯಂತ್ರವೂ ಕೇಳತೊಡಗಿದೆ. ಒಂದೇ ಚಿತ್ರ ನೋಡಿ ಹೇಳುವ ಸಾಫ್ಟ್‌ವೇರ್ ಹೊಸದೇನಲ್ಲ. ಮುಂಬಯಿಯಲ್ಲೇ 2016ರಲ್ಲಿ ಶುರುವಾದ ಕ್ಯೂರ್.ಎಐ ಎದೆಯ ಎಕ್ಸ್-ರೇಯಲ್ಲಿ ಕ್ಷಯದ ಗುರುತು ಹುಡುಕುವ ಕೆಲಸಕ್ಕೆ ಹೆಸರಾಗಿದೆ. ಹದಿನೈದು ವರ್ಷ ದಾಟಿದವರ ಕ್ಷಯ ತಪಾಸಣೆಗೆ ಇಂಥ ಸಾಫ್ಟ್‌ವೇರ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು 'ಏನು ಬದಲಾಯಿತು' ಎಂದು ಹೇಳುವುದು ಬೇರೆಯದೇ ಕೆಲಸ. ನನ್ನನ್ನು ಕಾಡುವುದು ಅದು.

ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟು ಇದೆ ಅನ್ನಿ. ಮೂರು ತಿಂಗಳ ಹಿಂದೆ ಅದರ ವ್ಯಾಸ 8 ಮಿ.ಮೀ., ಈಗ 10. ಕಣ್ಣಿಗೆ ಎರಡು ಮಿಲಿಮೀಟರ್ ಏನು ಮಹಾ? ಆದರೆ ಗಾತ್ರ ವ್ಯಾಸದ ಘನದಂತೆ ಬೆಳೆಯುತ್ತದೆ. ಗಂಟು ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಯಂತ್ರ ಎರಡೂ ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಕೂರುವಂತೆ ಹೊಂದಿಸಿ, ಗಂಟಿನ ಅಂಚು ಗುರುತಿಸಿ, ಗಾತ್ರ ಅಳೆದು ಹೇಳುತ್ತದೆ. ದಿನಕ್ಕೆ ರಾಶಿ ರಾಶಿ ಸ್ಕ್ಯಾನ್ ನೋಡಿ ದಣಿದ ರೇಡಿಯಾಲಜಿಸ್ಟ್‌ಗೆ ಇದು ನಿಜವಾದ ಸಹಾಯ. ಅದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು ಇನ್ನೊಂದು ತುದಿಯಲ್ಲಿ. 6 ಮಿ.ಮೀ. ಗಂಟಿನ ವ್ಯಾಸ ಅರ್ಧ ಮಿಲಿಮೀಟರ್ ಹೆಚ್ಚಾದರೆ ಸಾಕು, ಗಾತ್ರ ಶೇ. 27ರಷ್ಟು ಏರುತ್ತದೆ. ಆ ಅರ್ಧ ಮಿಲಿಮೀಟರ್ ಎಲ್ಲಿಂದಲೂ ಬರಬಹುದು: ಉಸಿರು ಹಿಡಿದದ್ದರಲ್ಲಿ ವ್ಯತ್ಯಾಸ, ಬೇರೆ ಕಂಪನಿಯ ಸ್ಕ್ಯಾನರ್, ಒಮ್ಮೆ 1 ಮಿ.ಮೀ. ಪದರ, ಇನ್ನೊಮ್ಮೆ 5 ಮಿ.ಮೀ. ಪದರ. ಆದ್ದರಿಂದಲೇ ಡಚ್ ಮತ್ತು ಬೆಲ್ಜಿಯಂ ವೈದ್ಯರ ನೆಲ್ಸನ್ ಅಧ್ಯಯನ (ಇದರ ಮುಖ್ಯ ಫಲಿತಾಂಶ ಪ್ರಕಟವಾದದ್ದು 2020ರಲ್ಲಿ) ಶೇ. 25ಕ್ಕಿಂತ ಕಡಿಮೆ ಏರಿಕೆಯನ್ನು ಬೆಳವಣಿಗೆ ಎಂದು ಎಣಿಸಲೇ ಇಲ್ಲ. ಯಂತ್ರ ತೋರಿಸುವುದು ಎರಡು ಚಿತ್ರಗಳ ನಡುವಿನ ಅಂತರ. ಅದು ದೇಹದೊಳಗಿನ ಬದಲಾವಣೆ ಹೌದೋ ಅಲ್ಲವೋ ಎಂಬುದಕ್ಕೆ ಯಾರೋ ಕೂತು ಗೆರೆ ಎಳೆಯಬೇಕು.

ಇನ್ನು ಹಳೆಯ ಸ್ಕ್ಯಾನೇ ಇಲ್ಲದವರು. ತಾಲ್ಲೂಕಿನಲ್ಲಿ ಮಾಡಿಸಿದ ಸಿಟಿಯ ಸಿಡಿ ಕಳೆದಿದೆ, ಉಳಿದಿರುವುದು ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೋ. ಅದರಿಂದ ಗಾತ್ರ ಅಳೆಯಲಾಗದು. 2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದಾಖಲೆಗಳನ್ನು ಜೋಡಿಸುವ ಭರವಸೆ ಕೊಟ್ಟಿದೆ, ಸರಿ. ಆದರೆ ಇವತ್ತು ಊರೂರು ಬದಲಾಯಿಸುತ್ತ ಬದುಕಿದ ಮನುಷ್ಯ ಈ ಯಂತ್ರದ ಮುಂದೆ ನಿನ್ನೆಯೇ ಇಲ್ಲದವನು.

ನಿನ್ನೆಗಳು ಇದ್ದವರ ಕಷ್ಟ ಬೇರೆ: ಯಾವ ನಿನ್ನೆ? ಗಡ್ಡೆಗೆ ಔಷಧ ಕೆಲಸ ಮಾಡಿತೇ ಎಂದು ತೀರ್ಮಾನಿಸಲು ಜಗತ್ತಿನ ಹೆಚ್ಚಿನ ಔಷಧ ಪ್ರಯೋಗಗಳು ರಿಸಿಸ್ಟ್ ಎಂಬ ನಿಯಮ ಬಳಸುತ್ತವೆ. 2000ದಲ್ಲಿ ಬಂತು, 2009ರಲ್ಲಿ ತಿದ್ದುಪಡಿಯಾಯಿತು. ಗಡ್ಡೆಗಳ ವ್ಯಾಸಗಳ ಮೊತ್ತ ಶೇ. 30 ಇಳಿದರೆ ಗುಣ, ಶೇ. 20 (ಜೊತೆಗೆ ಕನಿಷ್ಠ 5 ಮಿ.ಮೀ.) ಏರಿದರೆ ಉಲ್ಬಣ. ಸ್ವಾರಸ್ಯ ಎಲ್ಲಿದೆ ನೋಡಿ. ಇಳಿಕೆಯನ್ನು ಅಳೆಯುವುದು ಚಿಕಿತ್ಸೆ ಶುರುವಾದ ದಿನಕ್ಕೆ ಹೋಲಿಸಿ. ಏರಿಕೆಯನ್ನು ಅಳೆಯುವುದು ಮೊತ್ತ ಅತಿ ಕಡಿಮೆ ಇದ್ದ ದಿನಕ್ಕೆ ಹೋಲಿಸಿ. ಒಬ್ಬರ ಮೊತ್ತ 100 ಮಿ.ಮೀ. ಇದ್ದದ್ದು 40ಕ್ಕೆ ಇಳಿದು, ಈಗ 48 ಆಗಿದೆ. ಬಂದ ದಿನದ ಅರ್ಧಕ್ಕಿಂತಲೂ ಕಡಿಮೆ. ಮನುಷ್ಯ ಊಟ ಮಾಡುತ್ತಿದ್ದಾನೆ, ಮೆಟ್ಟಿಲು ಹತ್ತುತ್ತಿದ್ದಾನೆ. ರಿಪೋರ್ಟಿನ ಪ್ರಕಾರ ರೋಗ ಉಲ್ಬಣಿಸಿದೆ. 47 ಇದ್ದಿದ್ದರೆ ಇನ್ನೂ 'ಗುಣ'.

ನಿಯಮಕ್ಕೆ ಕಾರಣವಿದೆ. ಔಷಧದ ಹಿಡಿತ ಸಡಿಲವಾಗುತ್ತಿದ್ದರೆ ಬೇಗ ತಿಳಿಯಬೇಕು. ಸಾವಿರ ಜನರ ಪ್ರಯೋಗಕ್ಕೆ ಇದು ನ್ಯಾಯವೇ. ಆದರೆ ಆ ಒಬ್ಬ ಮನುಷ್ಯ ಕೇಳುವುದು 'ನಾನು ಮೊದಲಿಗಿಂತ ಚೆನ್ನಾಗಿದ್ದೇನಾ' ಎಂದು. ಅವನ 'ಮೊದಲು' ಯಾವುದು ಎಂಬುದನ್ನು ಅವನೇ ಆರಿಸುತ್ತಾನೆ. ಗಣಿತ ಅವನ ಪರವಾಗಿ ಆರಿಸಲಾಗದು.

ಹಾಗಾದರೆ ಅನಿಶ್ಚಿತವಾದ ಸಣ್ಣ ಏರಿಕೆಯನ್ನು ರೋಗಿಗೆ ಹೇಳಬೇಕೇ? ಮುಚ್ಚಿಡಬೇಕು ಎನ್ನುವ ಹಳೆಯ ವಾದ ನನಗೆ ಒಪ್ಪಿಗೆಯಿಲ್ಲ. ನಮ್ಮ ಮನೆಗಳಲ್ಲಿ 'ಅವರಿಗೆ ಹೇಳಬೇಡಿ' ಎಂದು ಡಾಕ್ಟರಿಗೆ ಪಿಸುಗುಟ್ಟುವ ಮಕ್ಕಳು ಕಾಪಾಡುವುದು ಬಹುಪಾಲು ತಮ್ಮನ್ನೇ. ಹಾಗೆಂದು ಕಂಡದ್ದೆಲ್ಲವನ್ನೂ ಮೊಬೈಲಿಗೆ ತಳ್ಳುವುದೂ ಪ್ರಾಮಾಣಿಕತೆಯಲ್ಲ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಸ್ಕ್ಯಾನ್ ಸಾಮಾನ್ಯವಾದ ಮೇಲೆ, 1993ರಿಂದ 2011ರ ನಡುವೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ಎಷ್ಟೋ ಜನ ಕತ್ತು ಕೊಯ್ಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು. ಕಂಡದ್ದು ನಿಜವೇ ಆಗಿತ್ತು. ಆದ್ದರಿಂದ ಸಂಖ್ಯೆ ಹೇಳುವವರು ಅದರ ಜೊತೆಗೇ ಎಷ್ಟು ತಪ್ಪಿರಬಹುದು, ಮುಂದೇನು ಮಾಡಬಹುದು ಎಂಬ ಎರಡನ್ನೂ ಹೇಳಬೇಕು. 'ಮೂರು ತಿಂಗಳು ಬಿಟ್ಟು ನೋಡೋಣ' ಎಂಬುದೂ ಒಂದು ಚಿಕಿತ್ಸೆ; ಆ ಮೂರು ತಿಂಗಳ ನಿದ್ದೆಗೆಟ್ಟ ರಾತ್ರಿಗಳನ್ನು ಕಳೆಯುವವರು ರೋಗಿ ಮತ್ತು ಮನೆಯವರು.

ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಅನುಭವದಿಂದ ಇನ್ನೊಂದು ಮಾತು. ಇಂಥ ಗೆರೆಗಳು ಕೋಡಿನೊಳಗೆ ಸೇರುವುದು 'ಬಳಕೆದಾರರು ಬದಲಾಯಿಸಿಕೊಳ್ಳಬಹುದು' ಎಂಬ ಷರಾದೊಂದಿಗೆ. ಯಾರೂ ಬದಲಾಯಿಸುವುದಿಲ್ಲ, ಡೀಫಾಲ್ಟೇ ಶಾಸನವಾಗುತ್ತದೆ. ಆಮೇಲೆ ಕೇಳಿದರೆ ಕಂಪನಿ ಡಾಕ್ಟರತ್ತ, ಡಾಕ್ಟರು ಯಂತ್ರದತ್ತ ಕೈ ತೋರಿಸುವ ಅವಕಾಶ ಎಲ್ಲರಿಗೂ ಇರುತ್ತದೆ. ನನ್ನ ಬೇಡಿಕೆ ದೊಡ್ಡದಲ್ಲ: ಬದಲಾವಣೆಯ ಪ್ರತಿ ರಿಪೋರ್ಟಿನ ಕೆಳಗೆ ಯಾವ ತಾರೀಖಿನ ಚಿತ್ರಕ್ಕೆ ಹೋಲಿಸಲಾಯಿತು, ಗೆರೆ ಎಷ್ಟಕ್ಕೆ ಎಳೆದಿದೆ, ಅದನ್ನು ಒಪ್ಪಿ ಸಹಿ ಹಾಕಿದವರು ಯಾರು ಎಂಬುದು ಒಂದೆರಡು ಸಾಲಿನಲ್ಲಿ ಇರಲಿ. ಮಾತ್ರೆಯ ಪಟ್ಟಿಯ ಮೇಲೆ ಬ್ಯಾಚ್ ನಂಬರ್ ಇರುವುದಿಲ್ಲವೇ, ಹಾಗೆ.