ಯಾರೂ ಗುರುತಿಸದ ಊರಿನಲ್ಲಿ

ಊರು ಬಿಟ್ಟು ಬಂದವರು ಕಳೆದುಕೊಂಡದ್ದರ ಬಗ್ಗೆ ಬಹಳ ಬರೆಯುತ್ತಾರೆ. ಜೋಳದ ರೊಟ್ಟಿ, ಭಾಷೆ, ಬಂಧು-ಬಳಗ, ಹಬ್ಬ-ಹುಣ್ಣಿಮೆ ಹೀಗೆ ಪಟ್ಟಿ ಉದ್ದವಾಗಿಯೇ ಇರುತ್ತದೆ. ಆದರೆ ಪರಊರಿನಲ್ಲಿ ನಮಗೆ ಸಿಗುವ ಒಂದು ಸವಲತ್ತಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದೇನೆಂದರೆ, ಇಲ್ಲಿ ನಮ್ಮನ್ನು ಯಾರೂ ಗುರುತಿಸುವುದಿಲ್ಲ. ಇಂಥವರ ಮಗ, ಇಂಥವರ ಅಳಿಯ ಎಂದು ಬೆರಳು ತೋರಿಸುವವರಿಲ್ಲ. ಹಾಗಿದ್ದಾಗ ಮನುಷ್ಯ ಸರಿಯಾಗಿ ನಡೆದುಕೊಳ್ಳುವುದು ಯಾರ ಸಲುವಾಗಿ? ಲೋಣಾವಳಾದಲ್ಲಿ ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವ ಹುಡುಗರ ಕೆಲಸ ನೋಡುತ್ತ ನನಗೆ ಈ ಪ್ರಶ್ನೆ ಹತ್ತಿಕೊಂಡಿತು.

ಲೋಣಾವಳಾ ಮುಂಬಯಿ ಮತ್ತು ಪುಣೆಯ ನಡುವೆ ಘಟ್ಟದ ಮೇಲಿರುವ ಊರು. ಚಿಕ್ಕಿಗೆ ಹೆಸರಾದದ್ದು, ಮಳೆಗೆ ಇನ್ನೂ ಹೆಸರಾದದ್ದು. ನಿವೃತ್ತಿಯ ನಂತರ ಮಗನ ನೌಕರಿಯ ದೆಸೆಯಿಂದ ನಾವು ಇಲ್ಲಿಗೆ ಬಂದು ನೆಲೆಸಿದೆವು. ಊರ ನಡುವೆ ಹಾಯ್ದು ಹೋಗುವ ಹಳೆಯ ಹೆದ್ದಾರಿ ಮೊದಲು ಎನ್‌ಎಚ್ 4 ಆಗಿತ್ತು. ಈಗ ಎನ್‌ಎಚ್ 48. ಅದೇ ಹೆದ್ದಾರಿ ಮುಂದೆ ಬೆಳಗಾವಿ, ಹುಬ್ಬಳ್ಳಿ, ಹಾವೇರಿ ದಾಟಿ ನನ್ನ ರಾಣೆಬೆನ್ನೂರಿನ ಪಕ್ಕದಲ್ಲೇ ಹೋಗುತ್ತದೆ. 2002ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ತಿಯಾದ ಮೇಲೆ ಅವಸರದವರು ಆ ಕಡೆ ಹೋದರು. ಆದರೂ ಶನಿವಾರ, ಭಾನುವಾರ ಬಂತೆಂದರೆ, ಅದರಲ್ಲೂ ಮಳೆಗಾಲದಲ್ಲಿ, ಭುಶಿ ಅಣೆಕಟ್ಟಿನ ಕಡೆಗೆ ಕಾರುಗಳ ಸಾಲೇ ಸಾಲು.

ಇಂಥ ಊರಿನ ರಸ್ತೆ ಬದಿಯಲ್ಲಿ ಸೀಟ್ ಕವರು, ಸ್ಟಿಕರು, ಹಾರ್ನು ಮಾರುವ ಅಂಗಡಿಗಳು ಇರಲೇಬೇಕಲ್ಲ. ಅಲ್ಲಿಯೇ ಗಾಜಿನ ಫಿಲ್ಮಿನ ಕೆಲಸವೂ ನಡೆಯುತ್ತದೆ. ಹೊರಗಿನಿಂದ ನೋಡಿದರೆ ಪುಸ್ತಕಕ್ಕೆ ಬೈಂಡು ಹಾಕಿದಷ್ಟೇ ಸುಲಭ ಅನ್ನಿಸುತ್ತದೆ. ಹತ್ತಿರ ಕೂತು ನೋಡಿದರೆ ತಿಳಿಯುತ್ತದೆ ಅದರ ಗೋಳು. ಮೊದಲು ಸಾಬೂನು ನೀರು ಸಿಂಪಡಿಸಿ ಬ್ಲೇಡಿನಿಂದ ಗಾಜನ್ನು ಕೆರೆದು ಸ್ವಚ್ಛ ಮಾಡಬೇಕು. ಫಿಲ್ಮನ್ನು ಗಾಜಿನ ಹೊರಮೈ ಮೇಲೆ ಹಾಸಿ ಅಳತೆಗೆ ಕತ್ತರಿಸಿಕೊಳ್ಳಬೇಕು. ಅಂಟಿಸುವುದು ಮಾತ್ರ ಒಳಮೈಗೆ. ಹಿಂದಿನ ಗಾಜು ಬಾಗಿರುವುದರಿಂದ ಬಿಸಿಗಾಳಿಯ ಗನ್ ಹಿಡಿದು ಫಿಲ್ಮನ್ನು ಅದರ ಬಾಗಿಗೆ ತಕ್ಕಂತೆ ಕುಗ್ಗಿಸಬೇಕು. ಆಮೇಲೆ ಹಿಂಬದಿಯ ತೆಳುಹಾಳೆ ಬಿಡಿಸಿ, ಒದ್ದೆ ಗಾಜಿನ ಮೇಲೆ ಜಾರಿಸಿ ಕೂರಿಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳಬೇಕು. ಒಂದು ಕಣ ಧೂಳು ಒಳಗೆ ಸಿಕ್ಕಿತೋ, ಅದು ಫಿಲ್ಮ್ ಇರುವವರೆಗೂ ಅಲ್ಲೇ. ಹಾಗಾಗಿ ಎಂಥ ಸೆಕೆಯಲ್ಲೂ ಫ್ಯಾನ್ ಹಾಕುವ ಹಾಗಿಲ್ಲ. ಹಳೆಯ ಫಿಲ್ಮ್ ಕೀಳುವಾಗಲಂತೂ ಹಿಂದಿನ ಗಾಜಿನಲ್ಲಿ ಮಂಜು ತೆಗೆಯುವ ಸಣ್ಣ ತಂತಿಗೆರೆಗಳಿರುತ್ತವೆ. ಅವಕ್ಕೆ ಬ್ಲೇಡ್ ತಾಗಿದರೆ ಅಲ್ಲಿಗೆ ಮುಗಿಯಿತು. ಎಲ್ಲ ಆದ ಮೇಲೆ ಮೂರು-ನಾಲ್ಕು ದಿನ ಗಾಜು ಇಳಿಸಬಾರದು. ಲೋಣಾವಳಾದ ಜುಲೈ ತಿಂಗಳಿನಲ್ಲಿ ಒಗೆದ ಬನಿಯನ್ನೇ ಒಣಗುವುದಿಲ್ಲ. ಫಿಲ್ಮಿನ ಅಡಿಯ ನೀರು ಒಣಗಲು ಇನ್ನೂ ಹೆಚ್ಚು ದಿನ ಕಾಯಬೇಕು.

ಇಷ್ಟಾದರೂ ಇದು ನೆಮ್ಮದಿಯ ಕಸುಬಲ್ಲ. ಯಾಕೆಂದರೆ ಕಾನೂನು ಇದರ ಬೆನ್ನಿಗೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50 ಬೆಳಕು ದಾಟಬೇಕು. ಕಪ್ಪು ಗಾಜಿನ ವಾಹನಗಳಲ್ಲಿ ಅಪರಾಧಗಳು ನಡೆಯುತ್ತವೆಂಬ ಅರ್ಜಿಯ ಮೇಲೆ 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಗಾಜು ತಯಾರಾಗುವಾಗಲೇ ಆ ಪ್ರಮಾಣದ್ದಿರಬೇಕು, ಆಮೇಲೆ ಎಷ್ಟೇ ತೆಳುವಾದ ಫಿಲ್ಮನ್ನೂ ಅಂಟಿಸುವ ಹಾಗಿಲ್ಲ ಎಂದಿತು. ದೇಶದ ತುಂಬ ಪೊಲೀಸರು ರಸ್ತೆಯಲ್ಲೇ ಕಾರು ನಿಲ್ಲಿಸಿ ಫಿಲ್ಮ್ ಕೀಳಿಸಿದರು. ಮುಂದೆ 2020ರಲ್ಲಿ ನಿಯಮ ತಿದ್ದುಪಡಿಯಾಗಿ, ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜಿಗೂ ಜಾಗ ಸಿಕ್ಕಿತು. ಅದು 2021ರ ಏಪ್ರಿಲ್‌ನಿಂದ ಜಾರಿಗೆ ಬಂತು. ಇದನ್ನು ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟು, 70 ಮತ್ತು 50ರ ಮಿತಿ ಮೀರದ ಫಿಲ್ಮಿಗೆ ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟಿತು. ಹಾಗೆಂದು ಮಹಾರಾಷ್ಟ್ರದ ರಸ್ತೆಯಲ್ಲಿ ನಿಂತ ಪೊಲೀಸರ ಮುಂದೆ ಕೇರಳದ ತೀರ್ಪು ಓದಿ ಹೇಳಿದರೆ ಅವರು ಸಲಾಂ ಹೊಡೆದು ಬಿಡುತ್ತಾರೆಂದು ತಿಳಿಯಬೇಡಿ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಮನೆಯವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಕಾರಿನ ಕಿಟಕಿಯಿಂದ ಹೊಡೆಯುವ ಬಿಸಿಲು ತಡೆಯಲಾಗುತ್ತಿರಲಿಲ್ಲ. ಒಂದು ಅಂಗಡಿಯಲ್ಲಿ ವಿಚಾರಿಸಿದೆ. "50ರದು ಹಾಕಿಬಿಡಿ ಸಾಹೇಬ್, ಕಾನೂನಿನ ಒಳಗೇ ಇದೆ" ಅಂದರು. ಇನ್ನೊಂದು ಅಂಗಡಿಯಲ್ಲಿ ಕೆಲಸದ ಹುಡುಗ ನಾವಿಬ್ಬರೂ ಮಾತಾಡಿಕೊಂಡ ಕನ್ನಡ ಕೇಳಿ ತಲೆ ಎತ್ತಿ ನೋಡಿದ.

"ಯಾವ ಊರೋ ತಮ್ಮಾ?" ಅಂದೆ.

"ಇಂಡಿ ತಾಲೂಕ್ರೀ ಕಾಕಾ" ಅಂದ. ನಾನು ಕೇಳಿ ಬಂದ 50ರ ಫಿಲ್ಮಿನ ವಿಷಯ ಹೇಳಿದ್ದಕ್ಕೆ ನಕ್ಕ. "50ರ ಫಿಲ್ಮ್ ಅಂದ್ರ 50 ಉಳೀತದ ಅಂತ ಅಲ್ರೀ. ಗ್ಲಾಸು ತಾನs ಮೊದಲ ಒಂದಿಷ್ಟು ಬೆಳಕು ತಿಂದಿರ್ತದ. ಉಳಿದದ್ರಾಗ ಇದು ಅರ್ಧ ತಿಂತದ."

ಮೀಟರ್ ತಂದು ಗಾಜಿಗೆ ಹಿಡಿದು ತೋರಿಸಿದ. ನಮ್ಮ ಕಾರಿನ ಪಕ್ಕದ ಗಾಜು ಬರಿದಾಗಿದ್ದಾಗಲೇ 75. ಅದರಲ್ಲಿ ಅರ್ಧ ಎಂದರೆ ಮೂವತ್ತೇಳೂವರೆ. ನಿಯಮ ಕೇಳುವುದು 50. 70ರ ಫಿಲ್ಮ್ ಹಾಕಿದರೆ ಐವತ್ತೆರಡೂವರೆ, ಅಂತೂ ದಡ ಸೇರುತ್ತದೆ. ಆದರೆ ಅದೂ ಪೊಲೀಸರು ಹಿಡಿಯುವುದೇ ಇಲ್ಲವೆಂಬ ಭರವಸೆಯಲ್ಲ, ದಂಡ ಬಿದ್ದರೆ ನಮ್ಮ ಜವಾಬ್ದಾರಿ ಅಲ್ಲ ಎಂದೂ ಹೇಳಿದ. ಎಲ್ಲ ಕೇಳಿಸಿಕೊಂಡ ನಮ್ಮ ಮನೆಯವರು, "ಇಷ್ಟೆಲ್ಲಾ ಉಸಾಬರಿ ಯಾಕ್ರಿ, ಒಂದು ಕರೀ ಚಷ್ಮಾ ತಗೊಂಡ್ರ ಆತು" ಅಂದುಬಿಟ್ಟರು. ವ್ಯಾಪಾರ ಹೋಯಿತು. ಆ ಹುಡುಗನಿಗೆ ಸಿಗುವುದು ತಿಂಗಳ ಪಗಾರವಲ್ಲ, ಒಂದೊಂದು ಕಾರಿಗೆ ಇಷ್ಟು ಎಂದು. ಅಂದರೆ ನಿಜ ಹೇಳಿದ್ದರ ನಷ್ಟ ಮಾಲೀಕನಷ್ಟೇ ಅವನಿಗೂ ತಟ್ಟಿತು.

ಮೊದಲ ಅಂಗಡಿಯವರು ಸುಳ್ಳು ಹೇಳಿದರೇ? ಫಿಲ್ಮಿನ ಮೇಲೆ 50 ಎಂದೇ ಅಚ್ಚಾಗಿದೆ. ನಿಯಮದಲ್ಲೂ 50 ಎಂದೇ ಇದೆ. ಎರಡು ನಿಜವಾದ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟರು, ಅಷ್ಟೇ. ನಡುವಿನ ಗುಣಾಕಾರ ಹೇಳಲಿಲ್ಲ. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಿಗೆ ಈ ವಿದ್ಯೆ ಹೊಸದಲ್ಲ. ಒಂದು ಲಕ್ಷ ಸಾಲ, ಮೂರು ವರ್ಷ, ಶೇ. 10 ಫ್ಲಾಟ್ ಬಡ್ಡಿ ಎಂದರೆ ಕೇಳಲು ಅಗ್ಗ. ಪ್ರತಿ ತಿಂಗಳೂ ಕಂತು ಕಟ್ಟಿ ಅಸಲು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ. ಲೆಕ್ಕ ಹಾಕಿದರೆ ನಿಜವಾದ ದರ ಸುಮಾರು 18 ಆಗುತ್ತದೆ. ಇಲ್ಲೂ ಹತ್ತು ಎಂಬುದು ಸುಳ್ಳಲ್ಲ. ಆದರೆ ಸಾಲಗಾರನ ತಲೆಯಲ್ಲಿ ಕೂತ ಹತ್ತು ಸುಳ್ಳು. ಹೇಳಿದ ಮಾತು ನಿಜವಾಗಿದ್ದರೆ ಸಾಲದು, ಕೇಳಿದವನ ಮನಸ್ಸಿನಲ್ಲಿ ಮೂಡಿದ್ದೂ ನಿಜವಾಗಿರಬೇಕು ಎಂಬುದು ನನ್ನ ನಂಬಿಕೆ. ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್‌ನಿಂದ ಚಿಲ್ಲರೆ ಸಾಲಗಳಿಗೆಲ್ಲ ನಿಜವಾದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕೆಂದು ಕಡ್ಡಾಯ ಮಾಡಿದೆ. ಫಿಲ್ಮಿನ ಹುಡುಗನಿಗೆ ಅಂಥ ಕಟ್ಟಳೆ ಯಾವುದೂ ಇರಲಿಲ್ಲ. ಅವನು ತಾನಾಗಿಯೇ ಹೇಳಿದ.

"ಗಿರಾಕಿ ಕೇಳಲಿಲ್ಲ, ನಾನು ಹೇಳಲಿಲ್ಲ" ಎಂಬ ವಾದ ಇದ್ದೇ ಇದೆ. ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲೂ ಬಾರದು. ಎಷ್ಟೋ ಗಿರಾಕಿಗಳಿಗೆ ಕತ್ತಲೆಯೇ ಬೇಕು. ನಿಜ ಹೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ನಿಯಮ ಮಾಡಿದವರು, ಫಿಲ್ಮ್ ತಯಾರಿಸಿದವರು, ತರಿಸಿ ಇಟ್ಟ ಮಾಲೀಕರು ಎಲ್ಲರನ್ನೂ ಬಿಟ್ಟು, ಬ್ಲೇಡ್ ಹಿಡಿದು ನಿಂತ ಇಪ್ಪತ್ತೆರಡರ ಹುಡುಗನ ಹೆಗಲಿಗೆ ನೀತಿಯ ಭಾರ ಹೊರಿಸುವುದು ನ್ಯಾಯವೇ? ಕಾರಿನ ಒಳಗೆ ನಾಳೆ ಯಾರು ಏನು ಮಾಡುತ್ತಾರೆಂಬುದಕ್ಕೆ ಅವನು ಹೊಣೆಯಲ್ಲ. ಬಿಸಿಲಿಗೆ ಅಂಜುವವರು, ಕೂಸಿಗೆ ಹಾಲುಣಿಸುವ ತಾಯಿ, ಇವರೂ ಅದೇ ಫಿಲ್ಮ್ ಕೇಳುತ್ತಾರೆ. ಎಲ್ಲರನ್ನೂ ಸಂಶಯದಿಂದ ನೋಡಲು ಅವನೇನು ಫೌಜುದಾರನೇ? ಆದರೆ ಮೀಟರ್ ಅವನ ಕೈಯಲ್ಲಿದೆ. 75ಕ್ಕೆ 50 ಸೇರಿದರೆ ಎಷ್ಟೆಂದು ಅವನಿಗೆ ಗೊತ್ತು, ಗಿರಾಕಿಗೆ ಗೊತ್ತಿಲ್ಲ. ಎಲ್ಲಿ ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲವೋ ಅಷ್ಟು ಜಾಗ ಅವನ ಹೊಣೆ. ಅಷ್ಟು ಹೇಳಿದ ಮೇಲೂ 20ರದೇ ಬೇಕೆಂದು ಹಟ ಹಿಡಿದರೆ ಅಂಟಿಸಬಾರದು ಎನ್ನುವವನು ನಾನು. ಆದರೆ ಅಂಟಿಸಿದರೆ ಆ ತಪ್ಪಿನಲ್ಲಿ ಹಟ ಹಿಡಿದವರದು, ಸರಕು ಇಟ್ಟವರದು ದೊಡ್ಡ ಪಾಲು, ಹುಡುಗನದು ಸಣ್ಣದು.

ಇನ್ನು ಊರು ಬಿಟ್ಟವರ ಮಾತು. ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿ ಅಂಗಡಿಕಾರ ಕಳಪೆ ಬೀಜ ಕೊಟ್ಟರೆ, ಮೊಳಕೆ ಬರದ ದಿನ ರೈತ ಅಂಗಡಿ ಮುಂದೆ ಬಂದು ನಿಲ್ಲುತ್ತಾನೆ, ಜೊತೆಗೆ ಹತ್ತು ಜನರನ್ನೂ ಕರೆತರುತ್ತಾನೆ. ಹೆಸರು ಕೆಟ್ಟೀತೆಂಬ ಅಂಜಿಕೆಯೇ ಅರ್ಧ ಪ್ರಾಮಾಣಿಕತೆ. ಲೋಣಾವಳಾದ ಹೆದ್ದಾರಿಯ ಗಿರಾಕಿ ಹಾಗಲ್ಲ. ಫಿಲ್ಮ್ ಒಣಗುವ ಮೊದಲೇ ಘಟ್ಟ ಇಳಿದು ಹೋಗಿರುತ್ತಾನೆ. ದಂಡ ಬೀಳುವುದು ಸೂರತ್ತಿನಲ್ಲೋ ಸೋಲಾಪುರದಲ್ಲೋ. ಅಂಟಿಸಿದವನ ಹೆಸರೂ ಅವನಿಗೆ ಗೊತ್ತಿರುವುದಿಲ್ಲ. ಇಂಡಿಯ ಹುಡುಗ ಇಲ್ಲಿ ಏನು ಮಾಡಿದರೂ ಇಂಡಿಗೆ ಸುದ್ದಿ ಮುಟ್ಟುವುದಿಲ್ಲ.

ವಿಚಿತ್ರವೆಂದರೆ ಬ್ಯಾಂಕುಗಳ ತರ್ಕ ಇದಕ್ಕೆ ತಿರುಗಾಮುರುಗಾ. ಅಧಿಕಾರಿ ಒಂದೇ ಊರಲ್ಲಿ ಬೇರು ಬಿಟ್ಟರೆ ಕೆಡುತ್ತಾನೆಂದು ಕೆಲವು ವರ್ಷಕ್ಕೊಮ್ಮೆ ವರ್ಗ ಮಾಡುತ್ತಾರೆ. ಊರವರು ಪರಿಚಯವೇ ಕಾವಲು ಎಂದರೆ, ಬ್ಯಾಂಕು ಪರಿಚಯವೇ ಮೋಸದ ಬಾಗಿಲು ಎನ್ನುತ್ತದೆ. ಎರಡರಲ್ಲೂ ಸತ್ಯವಿದೆ. ಎರಡೂ ಹೊರಗಿನ ಕಾವಲಿನ ಮಾತೇ ಆಡುತ್ತವೆ, ಮನುಷ್ಯನನ್ನು ಅವನಷ್ಟಕ್ಕೆ ನಂಬುವ ಧೈರ್ಯ ಎರಡಕ್ಕೂ ಇಲ್ಲ.

ಗ್ರೀಸ್ ದೇಶದ ಪ್ಲೇಟೊ ಸುಮಾರು 2,400 ವರ್ಷಗಳ ಹಿಂದೆ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಒಂದು ಕತೆ ಹೇಳಿಸಿದ್ದಾನೆ. ಒಬ್ಬ ಕುರುಬನಿಗೆ ತೊಟ್ಟವನನ್ನು ಕಾಣದಂತೆ ಮಾಡಬಲ್ಲ ಉಂಗುರ ಸಿಗುತ್ತದೆ; ಅದರ ಬಲದಿಂದ ಅವನು ರಾಜನನ್ನೇ ಕೊಂದು ರಾಜ್ಯ ಕಸಿಯುತ್ತಾನೆ. ಇಂಥ ಉಂಗುರ ಸಿಕ್ಕರೆ ಯಾವನು ತಾನೇ ನ್ಯಾಯವಂತನಾಗಿ ಉಳಿದಾನು ಎಂಬುದು ಅಲ್ಲಿಯ ಸವಾಲು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಯಾರೂ ಇಲ್ಲದಲ್ಲಿ ತಿನ್ನೆಂದು ಗುರುಗಳು ಕೊಟ್ಟ ಬಾಳೆಹಣ್ಣನ್ನು ಹಾಗೆಯೇ ಹಿಂದೆ ತಂದ ಕನಕದಾಸರ ಕತೆ ಶಾಲೆಯಲ್ಲೇ ಕೇಳಿದ್ದೇವೆ. ದೇವರಿಲ್ಲದ ಜಾಗ ಅವರಿಗೆ ಸಿಗಲಿಲ್ಲ. ನಮ್ಮ ಹಾವೇರಿ ಜಿಲ್ಲೆಯ ಕಾಗಿನೆಲೆ, ಬಾಡಗಳ ಹತ್ತಿರದ ನಾವು ಆ ಕತೆಯನ್ನು ಸ್ವಂತ ಆಸ್ತಿಯಂತೆ ಹೇಳಿಕೊಳ್ಳುತ್ತೇವೆ.

ಆದರೆ ಎಲ್ಲರಿಗೂ ಕನಕದಾಸರ ಭಕ್ತಿ ಇರುವುದಿಲ್ಲವಲ್ಲ. ಅಂಥವರಿಗೆ ಆಧಾರ ಯಾವುದು? ನನಗೆ ತೋರುವುದು ಇಷ್ಟು: ಕೆಲಸ ಬಲ್ಲವನಿಗೆ ತನ್ನ ಕೆಲಸವೇ ಒಂದು ಸಾಕ್ಷಿ. ಫಿಲ್ಮಿನ ಅಡಿ ಸಿಕ್ಕ ಧೂಳಿನ ಕಣ ಗಿರಾಕಿಗೆ ಕಾಣುವುದಿಲ್ಲ, ಅಂಟಿಸಿದವನಿಗೆ ಕಂಡೇ ಕಾಣುತ್ತದೆ. ಒಂದು ದಿನ ಒಬ್ಬರ ಗಾಜಿನ ಮೂಲೆಯಲ್ಲಿ ಅಂಥ ಕಣ ಸಿಕ್ಕಿದ್ದಕ್ಕೆ ಆ ಹುಡುಗ ಇಡೀ ಫಿಲ್ಮ್ ಕಿತ್ತು ಹೊಸದು ಹಾಕಿದ. "ಅವ್ರು ನೋಡ್ತಿದ್ದಿಲ್ಲಲ್ಲೋ" ಅಂದೆ. "ನಾ ನೋಡೀನಲ್ರೀ ಕಾಕಾ" ಅಂದ.

ಧೂಳಿನ ಕಣಕ್ಕೆ ಇದ್ದ ಈ ಮಾತು ಗುಣಾಕಾರಕ್ಕೂ ಇದೆ, ಬಡ್ಡಿಯ ದರಕ್ಕೂ ಇದೆ. ಊರಿನಲ್ಲಿದ್ದಾಗ ನಮ್ಮ ಒಳ್ಳೆಯತನದಲ್ಲಿ ನಮ್ಮದೆಷ್ಟು, ನೆರೆಯವರ ಕಣ್ಣಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಪರಊರಿನಲ್ಲಿ ಆ ಕಣ್ಣು ತೆಗೆದ ಮೇಲೆ ಉಳಿಯುವುದೇ ನಮ್ಮ ಸ್ವಂತ ಗಳಿಕೆ. ಮಗ-ಮಗಳನ್ನು ದೂರದ ಊರಿಗೆ ಕಳಿಸುವ ತಂದೆ-ತಾಯಿ ಊಟದ ಚಿಂತೆ ಮಾಡುತ್ತಾರೆ, ಸಹವಾಸದ ಚಿಂತೆ ಮಾಡುತ್ತಾರೆ. ಕೈಯಲ್ಲೊಂದು ಕೆಲಸವಿದ್ದು, ಅದನ್ನು ಹಸನಾಗಿ ಮಾಡುವ ಹಟವಿದ್ದರೆ ಅರ್ಧ ಚಿಂತೆ ಬಿಡಬಹುದು. ಇಂಡಿಯಲ್ಲಿರುವ ಆ ಹುಡುಗನ ತಂದೆ-ತಾಯಿಗೆ ಇದು ತಿಳಿಯಲಿಕ್ಕಿಲ್ಲ. ತಿಳಿಯಲಿ ಎಂದು ಅವನು ಮಾಡುತ್ತಲೂ ಇಲ್ಲ.