ಆಗದು ಎನ್ನುವವನ ಸಂಬಳ

ದುಡಿಮೆಗೆ ನ್ಯಾಯವಾದ ಸಂಬಳ ಎಷ್ಟು ಎಂಬ ಪ್ರಶ್ನೆಯನ್ನು ಧರ್ಮಚಿಂತಕರೂ ತತ್ತ್ವಜ್ಞರೂ ಬಹುಮಟ್ಟಿಗೆ ಬಡ ಕೂಲಿಯವನನ್ನು ಮುಂದಿಟ್ಟುಕೊಂಡೇ ಕೇಳಿದ್ದಾರೆ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ಪತ್ರ ಇದಕ್ಕೆ ಹೆಸರಾದ ಉದಾಹರಣೆ. ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಸಂಬಳ ನ್ಯಾಯವಾಗಿಬಿಡುವುದಿಲ್ಲ, ಹಿತಮಿತವಾಗಿ ಬಾಳುವವನ ಹೊಟ್ಟೆಬಟ್ಟೆಗೆ ಅದು ಸಾಲಬೇಕು, ಬೇರೆ ದಾರಿಯಿಲ್ಲದೆ ಕೊಟ್ಟ ಒಪ್ಪಿಗೆಯಲ್ಲಿ ಬಲಾತ್ಕಾರ ಅಡಗಿದೆ ಎಂಬುದು ಅದರ ವಾದ. ಕೆಲಸಗಾರರು ಸಂಘ ಕಟ್ಟಿಕೊಳ್ಳುವುದು ಸಹಜ ಹಕ್ಕೆಂದೂ ಅದು ಒಪ್ಪಿತು. ಅಮೆರಿಕದ ಖಾಸಗಿ ಜೆಟ್ ಪೈಲಟ್‌ಗಳ ವಿಷಯದಲ್ಲಿ ಈ ಅಳತೆಗೋಲು ಕೆಲಸಕ್ಕೆ ಬಾರದು. ದೊಡ್ಡ ಕಂಪನಿಯ ಕ್ಯಾಪ್ಟನ್ ವರ್ಷಕ್ಕೆ ಲಕ್ಷ ಡಾಲರ್ ಮೀರಿ ದುಡಿಯುತ್ತಾನೆ; ಅನ್ನಕ್ಕೆ ತತ್ವಾರವೇನಿಲ್ಲ. ಆದರೂ ಇವರು ಯೂನಿಯನ್ ಕಟ್ಟಿದ್ದಾರೆ, ಫಲಕ ಹಿಡಿದು ಬೀದಿಗೂ ಇಳಿದಿದ್ದಾರೆ. ಇದು ನ್ಯಾಯ ಕೇಳುವುದೋ, ಬರೀ ಚೌಕಾಸಿಯೋ?

ಒಂದೇ ವಿಮಾನವನ್ನು ಹಲವರು ಪಾಲು ಹಾಕಿ ಕೊಳ್ಳುವ ಪದ್ಧತಿಯನ್ನು 1986ರಲ್ಲಿ ಚಾಲ್ತಿಗೆ ತಂದದ್ದು ಇಂದು ನೆಟ್‌ಜೆಟ್ಸ್ ಎಂದು ಹೆಸರಾಗಿರುವ ಕಂಪನಿ. 1998ರಲ್ಲಿ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹಾಥವೇ ಅದನ್ನು ಕೊಂಡುಕೊಂಡಿತು. ಇಲ್ಲಿಯ ಪೈಲಟ್‌ಗಳು ಮೊದಲು ಟೀಮ್‌ಸ್ಟರ್ಸ್ ಎಂಬ ದೊಡ್ಡ ಕಾರ್ಮಿಕ ಸಂಘಟನೆಯಲ್ಲಿದ್ದು, ಆಮೇಲೆ ತಮ್ಮದೇ ಯೂನಿಯನ್ ಮಾಡಿಕೊಂಡರು. 2015ರಲ್ಲಿ ಬರ್ಕ್‌ಷೈರ್ ಷೇರುದಾರರ ವಾರ್ಷಿಕ ಸಭೆಗೆ ಜನ ಒಮಾಹಾದಲ್ಲಿ ಸೇರಿದಾಗ ಸಮವಸ್ತ್ರದ ಪೈಲಟ್‌ಗಳು ಹೊರಗೆ ಸಾಲುಗಟ್ಟಿ ನಿಂತರು. ಆ ವರ್ಷವೇ ನೆಟ್‌ಜೆಟ್ಸ್‌ನ ಮುಖ್ಯಸ್ಥರು ಬದಲಾದರು, ಹೊಸ ಕರಾರೂ ಆಯಿತು. ಇವರಿಗೆ ಅನ್ವಯಿಸುವುದು 1926ರ ರೈಲ್ವೆ ಕಾರ್ಮಿಕ ಕಾಯ್ದೆ. 1936ರಲ್ಲಿ ಅದನ್ನು ವಿಮಾನಯಾನಕ್ಕೂ ವಿಸ್ತರಿಸಲಾಯಿತು. ಅದರ ಪ್ರಕಾರ ಕರಾರಿನ ಅವಧಿ ತೀರಿದರೂ ಹೊಸದು ಆಗುವ ತನಕ ಹಳೆಯದೇ ಊರ್ಜಿತ. ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಕೈಬಿಟ್ಟು, ಮತ್ತೆ 30 ದಿನ ಕಳೆಯದೆ ಮುಷ್ಕರ ಹೂಡುವಂತಿಲ್ಲ. ಹೀಗಾಗಿ ಈ ಯೂನಿಯನ್‌ಗಳ ಬಲವೆಲ್ಲ ತಾಳ್ಮೆಯಲ್ಲಿದೆ, ಪ್ರಚಾರದಲ್ಲಿದೆ.

ಎರಡೂ ಕಡೆಯವರು ಮುಂದಿಡುವುದು ಮಾರುಕಟ್ಟೆಯ ಲೆಕ್ಕವನ್ನೇ. ವಿಮಾನಯಾನ ಸಂಸ್ಥೆಗಳು ಹೆಚ್ಚು ಕೊಡುತ್ತಿವೆ, ನೀವು ಕೊಡದಿದ್ದರೆ ಅತ್ತ ಹೋಗುತ್ತೇವೆ ಎನ್ನುತ್ತಾರೆ ಪೈಲಟ್‌ಗಳು; ಹೋಗುವವರು ಹೋಗಲಿ ಎನ್ನುತ್ತದೆ ಆಡಳಿತ. ಒಪ್ಪಂದವೇ ಸಂಬಳಕ್ಕೆ ಏಕೈಕ ಆಧಾರವೆಂಬ ಈ ನಂಬಿಕೆ ಎಲ್ಲ ಕಾಲದಲ್ಲೂ ಇದ್ದದ್ದಲ್ಲ. ಕೂಲಿ ಗೊತ್ತುಮಾಡದೆ ದುಡಿಸಿಕೊಂಡವನು ವ್ಯಾಪಾರ, ಪಶು, ಬೆಳೆಗಳಿಂದ ಬಂದುದರಲ್ಲಿ ಹತ್ತನೆಯ ಒಂದು ಭಾಗ ಕೊಡತಕ್ಕದ್ದು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಚಾಲುಕ್ಯರ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದದ್ದು ಇದೇ ಸ್ಮೃತಿಗೆ. ಮಾತುಕತೆಯೇ ಆಗದಿದ್ದರೂ ದುಡಿಮೆಗೆ ಒಂದು ಹಕ್ಕಿದೆ ಎಂಬುದು ಇಲ್ಲಿಯ ಗ್ರಹಿಕೆ. ಆದರೆ ಹತ್ತನೆಯ ಒಂದು ಭಾಗದ ನ್ಯಾಯ ಹೊಲಕ್ಕೆ ಹೊಂದೀತು. ಯಜಮಾನನನ್ನು ಊರಿಂದೂರಿಗೆ ಕೂರಿಸಿಕೊಂಡು ಹೋಗುವ ಜೆಟ್‌ನಲ್ಲಿ ಬೆಳೆ ಯಾವುದು, ಪಾಲು ಯಾವುದು?

ಹೆಚ್ಚು ನೆರವಿಗೆ ಬರುವವನು ಆಡಂ ಸ್ಮಿತ್. 1776ರ ತನ್ನ ಗ್ರಂಥದಲ್ಲಿ ಅವನು ಒಂದು ಕಸುಬಿಗೆ ಮತ್ತೊಂದಕ್ಕಿಂತ ಹೆಚ್ಚು ಸಂಬಳವೇಕೆ ಎಂದು ವಿಚಾರಿಸುತ್ತ ಐದು ಕಾರಣ ಕೊಡುತ್ತಾನೆ. ಅದರಲ್ಲಿ ಒಂದು ನಂಬಿಕೆ. ಅಕ್ಕಸಾಲಿಗನ ಕೈಗೆ ಚಿನ್ನ, ವೈದ್ಯನ ಕೈಗೆ ಜೀವ, ವಕೀಲನ ಕೈಗೆ ಆಸ್ತಿ, ಮಾನ ಒಪ್ಪಿಸುತ್ತೇವೆ. ಅಂಥವರನ್ನು ದೈನ್ಯದ ಸ್ಥಿತಿಯಲ್ಲಿ ಇಡುವುದು ಕ್ಷೇಮವಲ್ಲ. ಪೈಲಟ್ ಈ ಪಟ್ಟಿಗೆ ಸೇರುತ್ತಾನೆ ಎನ್ನುವುದು ಸುಲಭ. ಆದರೆ ಖಾಸಗಿ ಜೆಟ್‌ನಲ್ಲಿ ನಂಬಿಕೆಯ ಸ್ವರೂಪವೇ ಬೇರೆ. ನೂರೈವತ್ತು ಪ್ರಯಾಣಿಕರ ವಿಮಾನದಲ್ಲಿ ಪೈಲಟ್‌ಗೂ ಟಿಕೆಟ್ ಕೊಂಡವನಿಗೂ ಮುಖಪರಿಚಯವಿರುವುದಿಲ್ಲ. ಇಲ್ಲಿ ಹಣ ಕೊಡುವಾತ ನಾಲ್ಕು ಹೆಜ್ಜೆ ಹಿಂದೆ ಕುಳಿತಿರುತ್ತಾನೆ. ಅವನ ಚೀಲ ಹೊತ್ತು ಒಳಗಿಡುವುದು, ಊಟ ಬಂತೇ ಎಂದು ನೋಡುವುದು ಎಷ್ಟೋ ಕಡೆ ಪೈಲಟ್‌ನದೇ ಕೆಲಸ. ಹಾಗೆ ಸೇವೆ ಮಾಡಿದವನೇ, ಹವಾಮಾನ ಕೆಟ್ಟರೆ, ಅದೇ ಯಜಮಾನನಿಗೆ ‘ಆಗದು’ ಎನ್ನಬೇಕು.

ಅದು ಎಷ್ಟು ಕಷ್ಟವೆಂಬುದಕ್ಕೆ 2001ರ ಮಾರ್ಚ್ 29ರ ಸಂಜೆ ಸಾಕ್ಷಿ. ಲಾಸ್ ಏಂಜಲಿಸ್‌ನಿಂದ ಕೊಲೊರಾಡೊದ ಆಸ್ಪೆನ್‌ಗೆ ಬಾಡಿಗೆಗೆ ಹೊರಟಿದ್ದ ಗಲ್ಫ್‌ಸ್ಟ್ರೀಮ್ ಜೆಟ್ ತಡವಾಗಿ ಹೊರಟಿತು, ಕಾರಣ ಪ್ರಯಾಣಿಕರೇ ತಡವಾಗಿ ಬಂದಿದ್ದರು. ಆಸ್ಪೆನ್ ಬೆಟ್ಟಗಳ ನಡುವಿನ ಊರು. ಕತ್ತಲಾದ ಮೇಲೆ ಅಲ್ಲಿ ಇಳಿಯಲು ನಿರ್ಬಂಧವಿತ್ತು. ಬೇರೆ ನಿಲ್ದಾಣಕ್ಕೆ ಹೋಗಬೇಕಾದೀತೆಂಬ ಮಾತು ಬಂದಾಗ ವಿಮಾನ ಗೊತ್ತುಮಾಡಿದವನು ಸಿಟ್ಟಾಗಿದ್ದ. ಹಿಮ ಬೀಳುತ್ತಿತ್ತು, ಇವರಿಗಿಂತ ಮುಂಚೆ ಬಂದ ವಿಮಾನಗಳು ಇಳಿಯಲಾಗದೆ ಮೇಲಕ್ಕೇರಿದ್ದವು. ಕಾಕ್‌ಪಿಟ್‌ನ ಹೆಚ್ಚುವರಿ ಆಸನದಲ್ಲಿ ಪ್ರಯಾಣಿಕನೊಬ್ಬ ಕುಳಿತಿದ್ದ. ರನ್‌ವೇ ಕಾಣದಿದ್ದರೂ ವಿಮಾನ ಮಿತಿಗಿಂತ ಕೆಳಗಿಳಿದು ಗುಡ್ಡಕ್ಕೆ ಬಡಿಯಿತು. 18 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಗಿರಾಕಿಯಿಂದ ಕ್ಯಾಪ್ಟನ್ ಮೇಲಿದ್ದ ಒತ್ತಡವೂ ದುರಂತಕ್ಕೆ ಕೂಡಿಬಂದ ಕಾರಣವೆಂದು ತನಿಖಾ ಮಂಡಳಿ ಬರೆಯಿತು.

ಖಾಸಗಿ ಜೆಟ್ ಪೈಲಟ್‌ನ ಸಂಬಳದ ಪ್ರಶ್ನೆಯ ತಿರುಳು ಇಲ್ಲಿದೆ. ಅವನ ನೈಪುಣ್ಯಕ್ಕೆ ಮಾತ್ರವಲ್ಲ, ನಿರಾಕರಿಸುವ ಧೈರ್ಯಕ್ಕೂ ಸಂಬಳ ಸಲ್ಲಬೇಕು. ಒಂದು ಟ್ರಿಪ್ ಕೈಬಿಟ್ಟರೆ ನಾಳೆ ಕರೆ ಬಾರದೆಂಬ ದಿನಗೂಲಿ ಪೈಲಟ್‌ಗೂ, ದೂರು ವಿಚಾರಣೆಯ ಕ್ರಮ ಮತ್ತು ಸೇವಾಹಿರಿತನದ ರಕ್ಷಣೆಯುಳ್ಳ ಪೈಲಟ್‌ಗೂ ಕಾನೂನು ಒಂದೇ. ಎದೆಗಾರಿಕೆ ಒಂದೇ ಅಲ್ಲ.

ಇದಕ್ಕೆ ತತ್ತ್ವಜ್ಞ ಕಾಂಟ್‌ನ ಕಡೆಯಿಂದ ಆಕ್ಷೇಪ ಬರುತ್ತದೆ. ಕೆಲಸದ ಕುಶಲತೆಗೆ, ಶ್ರಮಕ್ಕೆ ಮಾರುಕಟ್ಟೆಯ ಬೆಲೆಯಿದೆ. ಕೊಟ್ಟ ಮಾತಿಗೆ ನಿಲ್ಲುವಂಥ ಗುಣಗಳಿಗೆ ಬೆಲೆಯಿಲ್ಲ, ಘನತೆಯಿದೆ ಎಂದವನು ಅವನು. ಹಣಕ್ಕೆ ಕೊಳ್ಳಬಹುದಾದರೆ ಅದು ಧೈರ್ಯವೇ? ಆಕ್ಷೇಪ ಗಟ್ಟಿಯಾದದ್ದು, ಆದರೆ ಗುರಿ ಸ್ವಲ್ಪ ತಪ್ಪಿದೆ. ಸಂಬಳ, ಯೂನಿಯನ್‌ಗಳು ಧೈರ್ಯವನ್ನು ಕೊಳ್ಳುವುದಿಲ್ಲ. ಅದಕ್ಕೆ ತೆರಬೇಕಾದ ದಂಡವನ್ನು ತಗ್ಗಿಸುತ್ತವೆ, ಅಷ್ಟೆ. ಅದರಾಚೆಗೆ ಅವುಗಳ ಕೈ ಚಾಚುವುದೂ ಇಲ್ಲ. 2020ರ ಜನವರಿಯಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ಸೇರಿ 9 ಜನ ಸತ್ತ ಹೆಲಿಕಾಪ್ಟರ್ ಅಪಘಾತದಲ್ಲಿ ಗಿರಾಕಿ ಒತ್ತಾಯಿಸಿದ ಪುರಾವೆ ಸಿಗಲಿಲ್ಲ. ಪೈಲಟ್ ತಾನಾಗಿ ತಂದುಕೊಂಡ ಒತ್ತಡವನ್ನೇ ತನಿಖೆ ಹೆಸರಿಸಿತು. ಯಜಮಾನನನ್ನು ಮೆಚ್ಚಿಸುವ ಆಸೆಗೆ ಯಾವ ಕರಾರಿನಲ್ಲೂ ಕಲಮು ಇಲ್ಲ.

ಎಷ್ಟಾದರೆ ಸಾಕು ಎಂಬ ಮಾತು ಉಳಿಯುತ್ತದೆ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಾಯಕದ ನಿಷ್ಠೆ ದುಡಿಯುವವನ ಆಸೆಗೆ ಗಡಿ ಹಾಕುತ್ತದೆ. ನಿರಾಕರಣೆಯ ಸ್ವಾತಂತ್ರ್ಯವನ್ನು ಆಧಾರವಾಗಿ ಹಿಡಿದರೆ ಯೂನಿಯನ್‌ನ ಬೇಡಿಕೆಗೂ ಅಂಥದೊಂದು ಗಡಿ ತಾನಾಗಿ ಬೀಳುತ್ತದೆ: ಅಂಜಿಕೆ ಹೋಗುವಷ್ಟು ಸಂಬಳ ಬಂದ ಮೇಲೆ ಕೇಳುವುದೆಲ್ಲ ಚೌಕಾಸಿಯೇ. ಚೌಕಾಸಿ ತಪ್ಪೇನಲ್ಲ, ಆದರೆ ಸುರಕ್ಷತೆಯ ಹೆಸರಿನಲ್ಲಿ ಅದನ್ನು ಮಾಡುವುದು ಪ್ರಾಮಾಣಿಕವಲ್ಲ. ಯೂನಿಯನ್ ಬೇಡವೆಂದ ಪೈಲಟ್‌ಗಳೂ ಇದ್ದಾರೆ. ಫ್ಲೆಕ್ಸ್‌ಜೆಟ್ ಎಂಬ ಇನ್ನೊಂದು ಜೆಟ್ ಕಂಪನಿಯವರು 2015ರಲ್ಲಿ ಯೂನಿಯನ್ ಸೇರಲು ಮತ ಹಾಕಿ 2018ರಲ್ಲಿ ಹೊರಬಂದರು. ಒಬ್ಬ ಮಾಲೀಕ, ಒಂದು ಜೆಟ್, ಇಬ್ಬರು ಪೈಲಟ್‌ಗಳಿರುವ ಕಡೆಯಂತೂ ಯೂನಿಯನ್ ಕಟ್ಟುವ ಮಾತು ಹೆಸರಿಗಷ್ಟೇ. ಅಲ್ಲಿ ಅವರ ಬೆನ್ನಿಗಿರುವುದು ವಿಮಾನದ ವಿಷಯದಲ್ಲಿ ಕ್ಯಾಪ್ಟನ್‌ನದೇ ಕೊನೆಯ ಮಾತು ಎನ್ನುವ ಸರ್ಕಾರಿ ನಿಯಮ ಮತ್ತು ಮಾಲೀಕನ ವಿವೇಕ.