ಈ ಸವಿಯು ಯಾರದು?

ಸಾಯಂಕಾಲ ನಾವು ಹರಿಹರದ ಕಡೆಯ ಕೆಲಸವನ್ನು ತೀರಿಸಿ, ದಾವಣಗೆರೆಯ ಸರಸ್ವತಿ ನಗರದಲ್ಲಿರುವ ನಮ್ಮ ಮನೆಯ ಬಾಗಿಲಿಗೆ ಬಂದು ಕೆಮ್ಮಿದ ಕೂಡಲೇ, ಒಳಗಿನಿಂದ ನಾಲ್ಕು ಪುಟ್ಟ ಕಾಲುಗಳು ಓಡಿ ಬರುವ ಸಪ್ಪಳವು ಕೇಳಿಸುತ್ತದೆ. ನಮಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳಿಗೆ ಒಂಭತ್ತು ವರುಷ, ಕಿರಿಯಳಿಗೆ ಐದು. ಹಿರಿಯಳು ಚೊಂಬಿನಲ್ಲಿ ನೀರು ತರುತ್ತಾಳೆ. ಕಿರಿಯಳು ನಾವು ಬಿಟ್ಟ ಚಪ್ಪಲಿಗಳಲ್ಲಿ ತನ್ನ ಪಾದಗಳನ್ನು ತೂರಿಸಿಕೊಂಡು, ಅಂಗಳದಲ್ಲೆಲ್ಲಾ ಪಟಪಟನೆ ತಿರುಗಾಡಿ, ತಾನೇ ಊರಿಗೆ ಹೊರಟ ಅಪ್ಪನಾಗುತ್ತಾಳೆ. ಅನಂತರ ಇಬ್ಬರೂ ನಮ್ಮ ಚೀಲವನ್ನು ಶೋಧಿಸುವರು. ರಾತ್ರಿ ಕಿರಿಯಳು ಅಕ್ಕನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗುತ್ತಾಳೆ. ಅಕ್ಕನು ನಿದ್ರೆಯಲ್ಲಿಯೇ ಆ ಕಾಲನ್ನು ಕೆಳಗಿಡುತ್ತಾಳೆ. ಅದು ಮತ್ತೆ ಮೇಲಕ್ಕೆ ಬರುತ್ತದೆ. ಇದನ್ನು ನೋಡುತ್ತಾ ದೀಪವನ್ನು ಆರಿಸುವದಕ್ಕೆ ಮರೆತು ಕೂತದ್ದುಂಟು.

ಆದಾಗ್ಯೂ ಮನೆಗೆ ಬಂದವರಲ್ಲಿ ಕೆಲವರು ಮಕ್ಕಳನ್ನು ನೋಡಿ, "ಎರಡೂ ಹೆಣ್ಣೇ?" ಎಂದು ಕೇಳಿ, ಸತ್ತವರ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ ನಮ್ಮನ್ನು ಸಂತೈಸುತ್ತಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಮಕ್ಕಳ ಮುಂದೆಯೇ ಹೇಳಿದವರೂ ಇದ್ದಾರೆ. ಇಂಥವರಿಗೆ ನಾವು ಬಹುಕಾಲದಿಂದ ಕೊಡುತ್ತಿದ್ದ ಉತ್ತರವೇನಂದರೆ, "ಇವರಿಂದ ನಮಗೆ ಎಷ್ಟು ಸಂತೋಷ ಸಿಕ್ಕುತ್ತದೆಂದು ನಿಮಗೆ ಗೊತ್ತಿಲ್ಲ" ಎಂಬದೇ. ಇದು ಒಳ್ಳೆಯ ಉತ್ತರವೆಂದು ನಾವು ನೆನಸಿದ್ದೆವು. ಈಗ ಅದರಲ್ಲಿ ನಮಗೆ ಸಂದೇಹ ಹುಟ್ಟಿದೆ. ಅದು ಹುಟ್ಟಿದ ಬಗೆಯನ್ನು ಮರೆಮಾಡದೆ ಹೇಳುತ್ತೇವೆ.

ದಾವಣಗೆರೆಯು ಮಂಡಕ್ಕಿಯ ಊರೆಂಬದು ನಿಮಗೆ ಗೊತ್ತೇ ಇದೆ. ಭಟ್ಟಿಯಲ್ಲಿ ಕಾದ ಮರಳಿನೊಳಗೆ ಅಕ್ಕಿಯು ಅರಳಿ ಮಂಡಕ್ಕಿಯಾಗುತ್ತದೆ. ಅದನ್ನು ಬೆಲ್ಲದ ಪಾಕದಲ್ಲಿ ಕಲಸಿ ಉಂಡೆ ಕಟ್ಟುತ್ತಾರೆ. ಒಂದು ದಿನ ನಾವು ಅಂಥಾ ಎರಡು ಉಂಡೆಗಳನ್ನು ತಂದೆವು. ಕಿರಿಯಳು ತನ್ನದನ್ನು ಬೇಗನೆ ತಿಂದು ಅಕ್ಕನ ಕೈಯನ್ನು ನೋಡುತ್ತಾ ನಿಂತಳು. ಹಿರಿಯಳು ತನ್ನದನ್ನು ಕಚ್ಚದೆ ಹಾಗೆಯೇ ಅವಳಿಗೆ ಕೊಟ್ಟುಬಿಟ್ಟಳು. ನಮ್ಮ ಮನಸ್ಸು ಕರಗಿತು. ಆಕೆಯನ್ನು ಹತ್ತಿರ ಕರೆದು ತಲೆ ಸವರಿದೆವು. ಆ ಹೊತ್ತಿಗೆ ಇಬ್ಬರು ನೆಂಟರು ಕೂತಿದ್ದರು. ಅವರ ಮುಂದೆಯೂ ಅವಳನ್ನು ಹೊಗಳಿದೆವು.

ಅಂದಿನಿಂದ ನಾವು ಉಂಡೆ ತಂದಾಗಲೆಲ್ಲಾ ಹಿರಿಯಳ ಪಾಲು ಕಿರಿಯಳಿಗೆ ಹೋಗುತ್ತಿತ್ತು, ನಮ್ಮ ಹೊಗಳಿಕೆಯು ಹಿರಿಯಳಿಗೆ ಹೋಗುತ್ತಿತ್ತು. ಹೀಗೆ ಕೆಲವು ವಾರಗಳು ಕಳೆದವು. ಒಂದು ರಾತ್ರಿ ಅವಳ ತಾಯಿಯು ಅಡಿಗೆಮನೆಗೆ ಹೋದಾಗ, ಈ ಮಗುವು ಉಂಡೆ ಕಟ್ಟಿ ತಂದಿದ್ದ ಕಾಗದವನ್ನು ಬಿಡಿಸಿಕೊಂಡು, ಅದಕ್ಕೆ ಅಂಟಿದ್ದ ಬೆಲ್ಲವನ್ನು ನೆಕ್ಕುತ್ತಾ ಕತ್ತಲಲ್ಲಿ ಕೂತಿತ್ತು. "ಅಷ್ಟು ಆಸೆಯಿದ್ದರೆ ಯಾಕೆ ಕೊಡುತ್ತೀ ನಮ್ಮವ್ವಾ?" ಎಂದು ನಾವು ಕೇಳಲು ಆಕೆ ಹೇಳಿದ್ದು ಇಷ್ಟೇ: "ಕೊಟ್ಟರೆ ನೀವು ನಗುತ್ತೀರಿ, ಅಪ್ಪಾ."

ಈ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ನಾವು ಮನೆಯ ಸವಿಯೆಂದು ಎಣಿಸಿದ್ದಕ್ಕೆ ಬೆಲೆ ಕೊಡುತ್ತಿದ್ದವಳು ಒಂಭತ್ತು ವರುಷದ ಹುಡುಗಿ. ಮೊದಲನೆಯ ಸಾರಿ ಅವಳು ಕೊಟ್ಟದ್ದು ತಂಗಿಗಾಗಿ. ಅದು ನಿಜವಾಗಿ ದಾನ. ಆಮೇಲೆ ಕೊಟ್ಟದ್ದೆಲ್ಲಾ ನಮ್ಮ ಮುಖಕ್ಕಾಗಿ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ತರವಾಗಿ ಕಾಣುತ್ತವೆ. ನೋಡಿ ಸುಖಪಡುವವನಿಗಂತೂ ಭೇದ ತಿಳಿಯುವದೇ ಇಲ್ಲ, ಯಾಕಂದರೆ ಅವನು ತಿಳಿಯಬಯಸುವದಿಲ್ಲ.

ಹಾಗಾದರೆ ಮಕ್ಕಳನ್ನು ಹೊಗಳಬಾರದೋ? ಹಂಚಿಕೊಂಡು ತಿನ್ನುವದನ್ನು ಕಲಿಸಬಾರದೋ? ಹಾಗೆ ನಾವು ಹೇಳುವದಿಲ್ಲ. ತನ್ನ ಪಾಲನ್ನೇ ಅಪ್ಪಿಕೊಂಡಿರುವ ಮಗುವು ಯಾರಿಗೂ ಹಿತವಲ್ಲ. ಆದರೆ ನಮಗೊಬ್ಬ ಮಗನಿದ್ದರೆ, ಅವನು ಉಂಡೆಯನ್ನು ತಿಂದದ್ದಕ್ಕೇ ಹೊಗಳುತ್ತಿದ್ದೆವೇನೋ. ಹುಡುಗನು ತಿಂದರೆ ನಮಗೆ ಸಂತೋಷ, ಹುಡುಗಿಯು ಬಿಟ್ಟುಕೊಟ್ಟರೆ ಸಂತೋಷ. ನೀರಿನ ಚೊಂಬನ್ನೂ ಇದೇ ರೀತಿಯಲ್ಲಿ ಯೋಚಿಸಿ ನೋಡಿದೆವು. ಬೇಡವೆಂದು ಹೇಳಬಲ್ಲವಳು ಕೊಟ್ಟರೆ ಮಾತ್ರ ಅದು ಕೊಡುವದು. ಬೇಡವೆನ್ನಲಾರದವಳಿಂದ ಬಂದದ್ದು ಕಪ್ಪ.

ಇದು ಉಂಡೆಯ ಮಟ್ಟಿಗೆ ಚಿಕ್ಕ ಸಂಗತಿ. ಆದರೆ ಕೈ ಬೆಳೆದ ಹಾಗೆ ಕೈಯಲ್ಲಿರುವದೂ ಬೆಳೆಯುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ನಮ್ಮವರಲ್ಲಿ ತಂದೆಯು ಮರಣಶಾಸನ ಬರೆಯದೆ ತೀರಿಹೋದರೆ ಮಗನಿಗೂ ಮಗಳಿಗೂ ಸಮಪಾಲು. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯ ಸಮಪಾಲು ನಮ್ಮ ರಾಜ್ಯದಲ್ಲಿ 1994ರಿಂದ ಮದುವೆಯಾಗದ ಹೆಣ್ಣುಮಕ್ಕಳಿಗೆ, 2005ರ ತಿದ್ದುಪಡಿಯಿಂದ ದೇಶದಲ್ಲೆಲ್ಲಾ ಮದುವೆಯಾದವರಿಗೂ ಬಂದಿತು. (ಯೋಬನ ಗ್ರಂಥವು ಇದಕ್ಕೆಲ್ಲಾ ಎಷ್ಟೋ ಮುಂಚಿನದು, ಅದರ ಕೊನೆಯಲ್ಲಿ ಅವನ ಏಳು ಗಂಡುಮಕ್ಕಳ ಹೆಸರಿಲ್ಲ, ಮೂವರು ಹೆಣ್ಣುಮಕ್ಕಳ ಹೆಸರಿದೆ, ಅವರಿಗೆ ಸಹೋದರರ ಸಂಗಡ ಸ್ವಾಸ್ತ್ಯವೂ ಇದೆ.) ಕಾನೂನು ಹೀಗಿದ್ದಾಗ್ಯೂ ನಮ್ಮ ಹಳ್ಳಿಗಳಿಂದ ಅಕ್ಕತಂಗಿಯರು ನೋಂದಣಿ ಕಚೇರಿಗೆ ಬಂದು ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಹೋಗುವದನ್ನು ನಾವು ಕಂಡಿದ್ದೇವೆ. ಯಾರೂ ಅವರನ್ನು ಹೊಡೆದು ಕರತಂದದ್ದಿಲ್ಲ. ಅಣ್ಣನು ಬಸ್ಸಿನ ಚೀಟಿ ತೆಗೆದುಕೊಟ್ಟಿದ್ದಾನೆ, ಒಂದು ಸೀರೆ ಕೊಡಿಸಿದ್ದಾನೆ. ಯಾಕಮ್ಮಾ ಬಿಟ್ಟುಕೊಟ್ಟೆ ಎಂದು ಕೇಳಿದರೆ, ತವರು ಬೇಕಲ್ಲಾ ಎಂಬದೇ ಉತ್ತರ. ಕೊಟ್ಟರೆ ಅಣ್ಣ ನಗುತ್ತಾನೆ! ಈ ಪಾಠವನ್ನು ಅವರು ಆ ಕಚೇರಿಯಲ್ಲಿ ಕಲಿತದ್ದಲ್ಲ. ಯಾವನೋ ಒಬ್ಬ ಪ್ರೀತಿಯುಳ್ಳ ತಂದೆಯು ಅವರ ತಲೆ ಸವರಿ ಕಲಿಸಿದ್ದಾನೆ.

ಆದಕಾರಣ "ಇವರಿಂದ ನಮಗೆ ಎಷ್ಟು ಸಂತೋಷ" ಎಂಬ ಉತ್ತರವನ್ನು ನಾವು ಈಗ ಯಾರಿಗೂ ಕೊಡುವದಿಲ್ಲ. ಎರಡೂ ಹೆಣ್ಣೇ ಎಂದು ಕೇಳಿದವರಿಗೆ ಹೌದು ಎನ್ನುತ್ತೇವೆ, ಅಷ್ಟೇ.

ಕಳೆದ ವಾರ ಕುಂದುವಾಡ ಕೆರೆಯ ಏರಿಯ ಮೇಲೆ ಮಕ್ಕಳನ್ನು ಕರಕೊಂಡು ಹೋಗಿದ್ದೆವು. ಇಬ್ಬರಿಗೂ ಒಂದೊಂದು ಉಂಡೆ ಕೊಟ್ಟು, "ಅವರವರದು ಅವರವರಿಗೆ" ಎಂದೆವು. ಕಿರಿಯಳು ವಾಡಿಕೆಯಂತೆ ಬೇಗ ಮುಗಿಸಿ ಅಕ್ಕನ ಮುಂದೆ ಕೈಯೊಡ್ಡಿದಳು. ಹಿರಿಯಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಡುವದಿಲ್ಲ" ಎಂದಳು. ಕಿರಿಯಳು ಏರಿಯ ಮೇಲೆಯೇ ಕೂತು ಅಳತೊಡಗಿದಳು. ವಾಯುಸೇವನೆಗೆ ಬಂದವರು ತಿರುಗಿ ನೋಡಿದರು. ನಮಗೆ ಆ ಹೊತ್ತು ಸವಿಯೆನಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು. ಒಂದು ಚೂರಾದರೂ ಕೊಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿರಿಯಳು ಉಂಡೆಯನ್ನು ಕಚ್ಚುವದಕ್ಕೆ ಮುಂಚೆ ತಲೆಯೆತ್ತಿ ನಮ್ಮ ಮುಖವನ್ನು ನೋಡಿದಳು. ನಾವು ನಗುವದಕ್ಕೆ ಪ್ರಯತ್ನಪಟ್ಟೆವು. ಆಕೆ ಇನ್ನೊಂದು ಗಳಿಗೆ ನೋಡಿ, ಆಮೇಲೆ ತಿಂದಳು.